ಅವಳ ಸಕ್ಕರೆ ಇಳಿಯಿತು

ನನಗೂ ನನ್ನ ಹೆಂಡತಿಗೂ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ಒಂದೇ ಬೆಳಿಗ್ಗೆ, ಒಂದೇ ಬೆಂಚಿನ ಮೇಲೆ ಕೂತಿದ್ದಾಗ.

ನಾನು ಆಗ ಪಾಲಿಬೆಟ್ಟದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಡ್ರಿಲ್ ಮಾಸ್ತರ. ಸರ್ಕಾರಿ ಕಾಗದದಲ್ಲಿ ದೈಹಿಕ ಶಿಕ್ಷಣ ಶಿಕ್ಷಕ ಎಂದಿದ್ದರೂ ಊರಿನ ಬಾಯಲ್ಲಿ ಡ್ರಿಲ್ ಮಾಸ್ತರ, ಮಲಯಾಳಿಗಳ ಬಾಯಲ್ಲಿ ಮಾಷ್. ಒಂದು ಭಾನುವಾರ ಶಾಲೆಯಲ್ಲಿ ಉಚಿತ ಆರೋಗ್ಯ ಶಿಬಿರ ಇಟ್ಟುಕೊಂಡಿದ್ದರು. ಸುತ್ತಲಿನ ಎಸ್ಟೇಟ್‌ಗಳ ಕೂಲಿಯವರ ಲೈನ್‌ಮನೆಗಳಿಂದ ಜನ ಜೀಪುಗಟ್ಟಲೆ ಬಂದಿದ್ದರು. ಅವರನ್ನು ಸಾಲು ನಿಲ್ಲಿಸುವುದು ನನ್ನ ಕೆಲಸ. ಕುತ್ತಿಗೆಯಲ್ಲಿ ವಿಸಿಲ್ ಹಾಕಿಕೊಂಡು ಓಡಾಡುತ್ತಿದ್ದೆ. ನಮ್ಮ ಮನೆ ಇರುವ ನೆಲ್ಯಹುದಿಕೇರಿಯಿಂದ ನನ್ನ ಹೆಂಡತಿ ತನ್ನ ಸ್ತ್ರೀಶಕ್ತಿ ಸಂಘದ ಹೆಂಗಸರ ಜೊತೆ ಬಂದಿದ್ದಳು.

"ನೀವೂ ಒಂದ್ಸಲ ಬೆರಳು ಕೊಡ್ರಿ, ಬಿಟ್ಟಿ ಅಲ್ವಾ?" ಎಂದಳು.

ಅವಳ ಪಕ್ಕ ಕೂತು ಬೆರಳು ಚಾಚಿದೆ. ನರ್ಸ್ ಹುಡುಗಿ ಅವಳ ರಕ್ತ ನೋಡಿ, "ಅಕ್ಕ, ಶುಗರ್ ಜಾಸ್ತಿ ಉಂಟಲ್ಲ" ಎಂದಳು. ನನ್ನದನ್ನು ನೋಡಿ ಯಂತ್ರವನ್ನು ಒಮ್ಮೆ ಅಂಗೈಗೆ ಕುಟ್ಟಿ, "ಸರ್, ನಿಮ್ದು ಇನ್ನೊಂದ್ಸಲ ನೋಡುವಾ, ಇದ್ರಲ್ಲಿ ಏನೋ ತಪ್ಪು ಬಂದಿದೆ" ಎಂದಳು. ಎರಡನೆಯ ಸಲವೂ ಅದೇ ಬಂತು. ನನ್ನ ಹೆಂಡತಿಯದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು.

ಆ ಹುಡುಗಿಗೆ ಅನುಮಾನ ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದರೆ ಯಾರೂ ನನ್ನ ಕಡೆ ಬೆರಳು ತೋರಿಸುತ್ತಿರಲಿಲ್ಲ. ನಾನು ಐವತ್ತು ದಾಟಿದರೂ ಹಾಕಿ ಕೋಲಿನ ಹಾಗಿದ್ದೆ. ಮಕ್ಕಳ ಜೊತೆ ಗ್ರೌಂಡಿನ ಸುತ್ತ ಓಡಿ ಅವರಿಗಿಂತ ಮುಂಚೆ ಮುಟ್ಟುತ್ತಿದ್ದೆ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು, ಊಟಕ್ಕೆ ಎದ್ದರೆ ಮತ್ತೆ ಕೂರುವುದು. ಮದುವೆಯಾದಾಗಿಂದಲೂ ಮೈಕೈ ತುಂಬಿಕೊಂಡವಳು, ಮಗಳು ಹುಟ್ಟಿದ ಮೇಲೆ ಇನ್ನಷ್ಟು ದಪ್ಪಗಾಗಿದ್ದಳು. ಆ ಮಗಳೂ ಈಗ ಮದುವೆಯಾಗಿ ಶ್ರೀಮಂಗಲದಲ್ಲಿದ್ದಾಳೆ.

ಮಾರನೆಯ ದಿನ ಸಿದ್ದಾಪುರದ ಡಾಕ್ಟರ ಹತ್ತಿರ ಹೋದೆವು. ಅವರು ವಯಸ್ಸಾದವರು, ನಮ್ಮ ಇಡೀ ಹೋಬಳಿಯ ಜ್ವರ ಕೆಮ್ಮು ನೋಡಿದವರು. ಇಬ್ಬರಿಗೂ ಒಂದೇ ಮಾತ್ರೆ ಬರೆದರು. ಅವಳಿಗೆ, "ನೀವು ತೂಕ ಇಳಿಸ್ಬೇಕಮ್ಮ. ಅನ್ನ ಅರ್ಧ ಮಾಡಿ, ದಿನಾ ನಡೀರಿ" ಎಂದರು. ನನ್ನ ಕಡೆ ತಿರುಗಿ ನಕ್ಕರು. "ನಿಮಗೆ ನಾನೇನ್ ಹೇಳ್ಲಿ ಮೇಷ್ಟ್ರೆ? ನೀವೇ ಊರನ್ನೆಲ್ಲ ಓಡಿಸೋರು. ನಿಮ್ದು ಬೇಗ ಇಳಿಯುತ್ತೆ, ಮನೆಯವರನ್ನ ಸ್ವಲ್ಪ ನೋಡ್ಕಳಿ."

ನಾನು ಆ ಮಾತನ್ನು ಹಾಗೆಯೇ ನಂಬಿದೆ. ಕಾಯಿಲೆ ಬಂದ ಬೇಸರಕ್ಕಿಂತ ಹೆಂಡತಿಗೆ ಕೋಚ್ ಆಗುವ ಉಮೇದು ದೊಡ್ಡದಾಗಿತ್ತು. ನಮ್ಮ ಕಡೆ ಮಬ್ಬುಗತ್ತಲಲ್ಲಿ ರಸ್ತೆಗೆ ಇಳಿಯುವ ಹಾಗಿಲ್ಲ, ಆನೆ ತೋಟದಿಂದ ತೋಟಕ್ಕೆ ದಾಟುವ ಹೊತ್ತು ಅದು. ಬಿಸಿಲು ಬಿದ್ದ ಮೇಲೆ ಅವಳನ್ನು ಹೊಳೆಯ ದಾರಿಗೆ ಹೊರಡಿಸುತ್ತಿದ್ದೆ. ನಾನು ಮುಂದೆ, ಅವಳು ಏದುಸಿರು ಬಿಡುತ್ತ ಹಿಂದೆ.

"ಕೈ ಬೀಸು, ಕೈ ಬೀಸು."

"ಬೀಸ್ತಾನೇ ಇದೀನಿ ಕಣ್ರಿ. ನಾನೇನು ನಿಮ್ಮ ಒಂಬತ್ತನೇ ಕ್ಲಾಸಾ?"

ಮನೆಯಲ್ಲಿ ಇಬ್ಬರಿಗೂ ಒಂದೇ ಅಡುಗೆ. ಬೆಳಿಗ್ಗೆ ಅಕ್ಕಿರೊಟ್ಟಿ ಹೋಗಿ ರಾಗಿ ರೊಟ್ಟಿ ಬಂತು. ಮಧ್ಯಾಹ್ನ ಒಂದು ಹಿಡಿ ಅನ್ನ, ತಟ್ಟೆ ತುಂಬ ಸೊಪ್ಪು, ಹುರುಳಿ, ಸಿಕ್ಕಿದ ದಿನ ಹೊಳೆಮೀನು. ಬೆಲ್ಲದ ಡಬ್ಬಿಯನ್ನು ಅವಳೇ ಪಕ್ಕದ ಮನೆಗೆ ಕೊಟ್ಟು ಬಂದಳು. ಒಂದೇ ಪಾತ್ರೆಯಿಂದ ಬಡಿಸಿಕೊಂಡು ಒಂದೇ ಹೊತ್ತಿಗೆ ಉಣ್ಣುತ್ತಿದ್ದೆವು.

ಕೆಲವು ತಿಂಗಳು ಇಬ್ಬರದೂ ಇಳಿಯಿತು. ಆಮೇಲೆ ಅವಳದು ಇಳಿಯುತ್ತಲೇ ಹೋಯಿತು, ನನ್ನದು ನಿಂತಿತು. ನಿಂತದ್ದು ಮೆಲ್ಲಗೆ ಮೇಲೇಳತೊಡಗಿತು.

ಹೊಟ್ಟೆಕಿಚ್ಚು ಎಂಬುದು ನನಗೆ ಹೊಸದಲ್ಲ. ಇಪ್ಪತ್ತೈದು ವರ್ಷ ಶಾಲಾ ಟೂರ್ನಮೆಂಟುಗಳಲ್ಲಿ ಗೆರೆಯಾಚೆ ನಿಂತು ಬೇರೆ ಶಾಲೆಯವರು ಕಪ್ ಎತ್ತುವುದನ್ನು ನೋಡಿದವನು ನಾನು. ಆದರೆ ಸ್ವಂತ ಹೆಂಡತಿಯ ಮೇಲೆ, ಅದೂ ಅವಳ ರಕ್ತದ ಮೇಲೆ ಹೊಟ್ಟೆಕಿಚ್ಚು ಪಡುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅದು ಮೊದಲು ಕಿವಿಯಿಂದ ಒಳಗೆ ಬಂತು. ಅವಳ ಹೊಲಿಗೆ ಮೆಷಿನ್ ಸಂಜೆ ಹೊತ್ತು ಸಣ್ಣಗೆ ಸದ್ದು ಮಾಡುತ್ತಿತ್ತು. ಯಾರ ರವಿಕೆ ಎಂದು ಕೇಳಿದರೆ, "ನಂದೇ ಕಣ್ರಿ. ಮತ್ತೆ ಸಡ್ಲ ಆಗಿದೆ. ಎರಡೂ ಕಡೆ ಹಿಡೀತಿದೀನಿ" ಎನ್ನುವಳು. ಆ ದನಿಯಲ್ಲಿ ಜಂಬವೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳ ಆಡಬಹುದಿತ್ತು.

ನಾನೂ ಸಣ್ಣಗಾಗುತ್ತಿದ್ದೆ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದೆ. ಆದರೆ ಸಂತೆಯಲ್ಲಿ ಜನ ಅವಳನ್ನು ತಡೆದು, "ಏನಕ್ಕ, ಹುಡುಗಿ ಆಗ್ಬಿಟ್ಟಿದೀಯ!" ಎನ್ನುವರು. ಅದೇ ಜನ ನನ್ನ ಮುಖ ನೋಡಿ ದನಿ ತಗ್ಗಿಸಿ, "ಮೇಷ್ಟ್ರೆ, ಹುಷಾರಿದೀರಾ?" ಎನ್ನುವರು. ಇಬ್ಬರೂ ಕಿಲೋಗಟ್ಟಲೆ ಕಳೆದುಕೊಂಡವರೇ. ಅವಳು ಕಳೆದುಕೊಂಡದ್ದಕ್ಕೆ ಹೊಗಳಿಕೆ, ನಾನು ಕಳೆದುಕೊಂಡದ್ದಕ್ಕೆ ಮರುಕ.

ಒಂದು ದಿನ ಸಿದ್ದಾಪುರದ ಡಾಕ್ಟರು ಅವಳ ರಿಪೋರ್ಟನ್ನು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ನೋಡಿದರು. "ಮಾತ್ರೆ ನಿಲ್ಲಿಸಿ ನೋಡಣಮ್ಮ. ನಾರ್ಮಲ್ ಆಗಿದೆ. ನನ್ನ ಸರ್ವಿಸ್‌ನಲ್ಲಿ ಹಿಂಗೆ ಇಳಿಸ್ಕೊಂಡೋರು ಕಮ್ಮಿ" ಎಂದರು. ಅದೇ ಕೈಯಲ್ಲಿ ನನ್ನ ಚೀಟಿ ಎಳೆದುಕೊಂಡು ಇನ್ನೊಂದು ಮಾತ್ರೆ ಸೇರಿಸಿದರು. "ಮೇಷ್ಟ್ರೆ, ಬಾಯಿ ಕಟ್ಬೇಕು. ಮನೆಯವರನ್ನ ನೋಡಿ ಕಲೀರಿ."

ಬೈಕಿನಲ್ಲಿ ವಾಪಸು ಬರುವಾಗ ಅವಳು ಹಿಂದೆ ಕೂತು ನನ್ನ ಭುಜದ ಮೇಲೆ ಕೈಯಿಟ್ಟಿದ್ದಳು. ಮೊದಲಾದರೆ ಅವಳ ಭಾರಕ್ಕೆ ಬೈಕು ಒಂದು ಕಡೆ ವಾಲುತ್ತಿತ್ತು. ಆ ದಿನ ಹಿಂದೆ ಯಾರೋ ಶಾಲೆಯ ಹುಡುಗಿ ಕೂತ ಹಾಗಿತ್ತು.

ಅವಳಿಗಿಂತ ಹೆಚ್ಚು ಬೆವರು ಹರಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಡ್ರಿಲ್ ಮಾಸ್ತರನಿಗೆ ಅದು ಬಿಟ್ಟು ಬೇರೆ ಯೋಚನೆ ಹೇಗೆ ಬರಬೇಕು? ಬೆಳಿಗ್ಗೆ ಅವಳ ಜೊತೆ ನಡೆದು ಬಂದು, ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬನೇ ಗ್ರೌಂಡ್ ಸುತ್ತತೊಡಗಿದೆ. ಮಧ್ಯಾಹ್ನದ ಒಂದು ಹಿಡಿ ಅನ್ನವನ್ನೂ ಬಿಟ್ಟೆ. ಓಡಿ ಬಂದು ಕೂತರೆ ತೊಡೆ ನಡುಗುತ್ತಿತ್ತು. ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟುತ್ತಿತ್ತು. ಮಕ್ಕಳಿಗೆ ಹಾಕಿಯ ಪೆನಾಲ್ಟಿ ಕಾರ್ನರ್ ತೋರಿಸಲು ಹೋಗಿ ಚೆಂಡಿನ ಬದಲು ನೆಲಕ್ಕೆ ಹೊಡೆದೆ. ಯಾರೂ ನಗಲಿಲ್ಲ. ಮಕ್ಕಳು ನಗದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಆ ವರ್ಷ ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ ನೆನಪಿದೆ. ಆ ದಿನ ನಮ್ಮ ಜಿಲ್ಲೆಯಲ್ಲಿ ಎಲ್ಲರ ಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ಸೊಪ್ಪನ್ನು ಕುದಿಸಿದ ನೇರಳೆ ಬಣ್ಣದ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಮಾಡುತ್ತಾರೆ. ವರ್ಷಕ್ಕೊಮ್ಮೆ ತಿಂದರೆ ಮೈಗೆ ಒಳ್ಳೆಯದೆಂಬ ನಂಬಿಕೆ. ಬೆಲ್ಲದ ಡಬ್ಬಿ ಕೊಟ್ಟಿದ್ದೆವಲ್ಲ, ಅದೇ ಪಕ್ಕದ ಮನೆಯವರು ಒಂದು ಬಟ್ಟಲು ಪಾಯಸ ತಂದುಕೊಟ್ಟರು. ನನ್ನ ಹೆಂಡತಿ ಮೂರು ಚಮಚ ತಿಂದು ಬಾಯಿ ಒರೆಸಿಕೊಂಡಳು. "ಸಾಕಪ್ಪ, ಶಾಸ್ತ್ರಕ್ಕೆ" ಎಂದಳು. ನಾನು ಒಂದೇ ಚಮಚ ತಿಂದೆ. ಅಷ್ಟು ಹೊತ್ತಿಗೆ ನಾವು ಮನೆಯಲ್ಲೇ ಸಕ್ಕರೆ ನೋಡುವ ಯಂತ್ರ ಇಟ್ಟುಕೊಂಡಿದ್ದೆವು. ಮಾರನೆಯ ಬೆಳಿಗ್ಗೆ ಅವಳದು ನೂರರ ಒಳಗೆ. ನನ್ನದು ಇನ್ನೂರ ಎಪ್ಪತ್ತು.

"ಒಂದೇ ಚಮಚ ತಿಂದ್ರಾ?" ಎಂದು ಕೇಳಿದಳು.

"ನಿನ್ನ ಕಣ್ಣೆದುರಿಗೇ ತಿಂದೆನಲ್ಲ."

"ಅಲ್ಲ, ಆಮೇಲೆ?"

ಆ "ಆಮೇಲೆ" ಎಂಬ ಮಾತು ನಮ್ಮಿಬ್ಬರ ನಡುವೆ ಕೂತಿತು. ಅವಳು ಅದನ್ನು ಮತ್ತೆ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಾನು ಶಾಲೆಯಿಂದ ಬಂದಾಗ ಅಂಗಿ ಒಗೆಯಲು ತೆಗೆದುಕೊಳ್ಳುವ ನೆಪದಲ್ಲಿ ಜೇಬು ತಡವುವಳು. ಬೈಕಿನ ಬಾಕ್ಸನ್ನು ಒರೆಸುವ ನೆಪದಲ್ಲಿ ತೆರೆಯುವಳು. ತನ್ನದು ಇಳಿದಿದೆ, ಮಾಡಿದ್ದು ಒಂದೇ ಪಥ್ಯ, ಹಾಗಾದರೆ ಈತ ಎಲ್ಲೋ ಕದ್ದು ತಿನ್ನುತ್ತಿದ್ದಾನೆ ಎಂಬುದು ಅವಳ ಲೆಕ್ಕ. ಅವಳ ಜಾಗದಲ್ಲಿ ನಾನಿದ್ದರೂ ಅದೇ ಲೆಕ್ಕ ಹಾಕುತ್ತಿದ್ದೆನೇನೋ.

ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಹದಂಗಡಿಯಿದೆ. ಅಂಗಡಿಯವನು ಕಣ್ಣೂರಿನ ಕಡೆಯಿಂದ ಬಂದು ಇಲ್ಲೇ ಮುದುಕನಾದವನು. ಶಾಲೆಗೆ ಹೋಗುವಾಗ ಅಲ್ಲಿ ಒಂದು ವಿತೌಟ್ ಕುಡಿಯುವುದು ನನ್ನ ರೂಢಿ. ಸಕ್ಕರೆ ಇಲ್ಲದ ಚಹಕ್ಕೆ ಅಲ್ಲಿ ಆ ಹೆಸರು. ಒಂದು ಬೆಳಿಗ್ಗೆ ಅವನು ಲೋಟ ಇಟ್ಟು, ಬೇರೆ ಗಿರಾಕಿಗಳು ಎದ್ದುಹೋಗುವ ತನಕ ಕಾದು, ನನ್ನೆದುರು ಬಂದು ನಿಂತ.

"ಮಾಷೇ, ಒಂದು ಕಾರ್ಯ ಹೇಳ್ತೇನೆ, ಬೇಜಾರ್ ಮಾಡ್ಬಾರ್ದು."

"ಏನು?"

"ಮೊನ್ನೆ ನಿಮ್ಮ ಮನೆಯವರು ಬಂದಿದ್ರು. ಮಾಷ್ ಇಲ್ಲಿ ಬಜ್ಜಿ, ಬನ್ನು, ಏನಾದ್ರೂ ತಿಂತಾರಾ ಅಂತ ಕೇಳಿದ್ರು. ಸತ್ಯ ಹೇಳು ಅಂದ್ರು. ನಾನು ಹೇಳಿದೆ, ಪಡಚ್ಚೋನಾಣೆ, ದೇವರಾಣೆ, ವಿತೌಟ್ ಬಿಟ್ಟು ಮಾಷ್ ಏನೂ ತಿನ್ನೋದಿಲ್ಲ ಅಂತ. ಅವರಿಗೆ ನಂಬಿಕೆ ಬಂದ ಹಾಗೆ ಕಾಣ್ಲಿಲ್ಲ."

ಆ ದಿನ ನಾನು ಶಾಲೆಯಲ್ಲಿ ಏನು ಮಾಡಿದೆನೋ ಗೊತ್ತಿಲ್ಲ. ಸಂಜೆ ಮನೆಗೆ ಬಂದಾಗ ಅವಳು ಮೆಷಿನ್ ಮುಂದೆ ಕೂತು ಒಂದು ಮದುವೆ ರವಿಕೆಗೆ ಜರಿ ಪಟ್ಟಿ ಹಚ್ಚುತ್ತಿದ್ದಳು.

"ನನ್ನ ಮೇಲೆ ಪತ್ತೇದಾರಿಕೆ ಮಾಡಕ್ಕೆ ಸಿದ್ದಾಪುರದವರೆಗೆ ಹೋಗಿದ್ಯಂತೆ?"

ಅವಳು ತಲೆಯೆತ್ತಲಿಲ್ಲ. "ಹೋಗಿದ್ದೆ."

"ಊರಲ್ಲಿ ನನ್ನ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ಇರ್ಲಿ, ನಿಮ್ಮ ಕಾಲು ಉಳೀಬೇಕಲ್ಲ! ನಿಮ್ಮಪ್ಪ ಹೆಂಗೆ ಹೋದ್ರು ಅಂತ ನೆನಪಿಲ್ವಾ? ಆ ಹೆಬ್ಬೆರಳಿನ ಗಾಯ ತೊಳೆದೋಳು ನಾನು, ನೀವಲ್ಲ." ಈಗ ತಲೆಯೆತ್ತಿದಳು, ಕಣ್ಣು ಕೆಂಪಗಿತ್ತು. "ಇಬ್ರೂ ಒಂದೇ ತಿಂತೀವಿ. ನಾನು ನಡೀತೀನಿ, ನೀವು ಓಡ್ತೀರ. ನಂದು ಇಳೀತು, ನಿಮ್ದ್ಯಾಕೆ ಇಳೀಲಿಲ್ಲ, ಹೇಳಿ? ನಾನು ಏನಂತ ತಿಳ್ಕೋಬೇಕು?"

"ನಿನ್ನ ಅದೃಷ್ಟ ಅಂತ ತಿಳ್ಕೋ."

"ಅದೃಷ್ಟ ಅಲ್ಲ, ಕಷ್ಟಪಟ್ಟಿದೀನಿ."

"ನಾನು ಪಟ್ಟಿಲ್ವಾ?" ಎಂದು ಕೂಗಿದೆ. ಗ್ರೌಂಡಿನಲ್ಲಿ ಕೂಗುವ ದನಿ ಅದು, ಮನೆಯೊಳಗೆ ಬಳಸುವಂಥದ್ದಲ್ಲ. ಪಕ್ಕದ ಮನೆಯ ರೇಡಿಯೋ ತಟಕ್ಕನೆ ನಿಂತಿತು. ಅವಳು ರವಿಕೆಯನ್ನು ಮಡಚಿಟ್ಟು ಒಳಗೆ ಹೋದಳು.

ಮೈಸೂರಿಗೆ ಹೋಗಬೇಕೆಂದು ಹಟ ಹಿಡಿದವಳು ನಮ್ಮ ಮಗಳು. ತಾಯಿ ಫೋನಿನಲ್ಲಿ ಅತ್ತಿರಬೇಕು. ಅವಳೇ ಅಲ್ಲಿಯ ಒಬ್ಬ ಸಕ್ಕರೆ ಕಾಯಿಲೆಯ ತಜ್ಞೆಯನ್ನು ವಿಚಾರಿಸಿ ಸಮಯ ಗೊತ್ತು ಮಾಡಿದಳು. ಮೊದಲ ಸಲ ಹೋದಾಗ ರಕ್ತ ಕೊಟ್ಟು ಬಂದೆವು. ಎರಡನೆಯ ಸಲ, ಗಂಡ ಹೆಂಡಿರಿಬ್ಬರೂ ಬೆಳಗಿನ ಬಸ್ಸು ಹಿಡಿದು, ಪರಸ್ಪರ ಬೇರೆ ಬೇರೆ ಕಿಟಕಿ ನೋಡುತ್ತ ಹೋದೆವು.

ಆ ಡಾಕ್ಟರಮ್ಮ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ನನ್ನ ಹೆಂಡತಿ ಕೂರುವುದಕ್ಕೂ ಮೊದಲೇ ಬಾಯಿಬಿಟ್ಟಳು. "ಮೇಡಂ, ಇವ್ರು ಪಥ್ಯ ಮಾಡ್ತೀನಿ ಅಂತಾರೆ. ನಾನು ಮಾಡಿ ಇಳಿಸ್ಕೊಂಡೆ. ಇವ್ರದ್ದು ಇಳೀತಿಲ್ಲ. ಸ್ವಲ್ಪ ಹೇಳಿ ಇವ್ರಿಗೆ."

ಡಾಕ್ಟರಮ್ಮ ನನ್ನ ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು. "ಇವರು ಪಥ್ಯ ಮಾಡಿದಾರಮ್ಮ. ಸ್ವಲ್ಪ ಜಾಸ್ತಿನೇ ಮಾಡಿದಾರೆ" ಎಂದರು.

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ.

"ನೋಡಿ ಸರ್," ಎಂದು ಅವರು ನನ್ನ ಕಡೆ ತಿರುಗಿದರು. "ಇನ್ಸುಲಿನ್ ತಯಾರು ಮಾಡೋದು ಮೇದೋಜ್ಜೀರಕ ಗ್ರಂಥಿ. ಹೊಟ್ಟೆ ಹಿಂದೆ ಇರುತ್ತೆ. ಅದ್ರಲ್ಲಿ ಬೀಟಾ ಸೆಲ್ ಅಂತ ಇದಾವೆ, ಕೆಲಸ ಅವುಗಳದ್ದೇ. ಇನ್ಸುಲಿನ್ ಬಂದ್ರೇನೇ ರಕ್ತದಲ್ಲಿರೋ ಸಕ್ಕರೆ ಮೈಗೆ ಹತ್ತೋದು. ಮೇಡಂಗೆ ತೂಕ ಜಾಸ್ತಿ ಇತ್ತಲ್ಲ, ಕೊಬ್ಬು ಪಿತ್ತಜನಕಾಂಗದಲ್ಲಿ, ಮೇದೋಜ್ಜೀರಕದಲ್ಲೂ ತುಂಬ್ಕೊಂಡಿರುತ್ತೆ. ಆಗ ಇನ್ಸುಲಿನ್ ಎಷ್ಟು ಬಂದ್ರೂ ಮೈ ಅದರ ಮಾತು ಕೇಳಲ್ಲ. ಸೆಲ್‌ಗಳು ಇನ್ನೂ ಜಾಸ್ತಿ ದುಡೀತವೆ, ದುಡಿದು ದುಡಿದು ಮಂಕಾಗ್ತವೆ. ಆದ್ರೆ ಮೇಡಂದು ಮಂಕಾಗಿದ್ದು ಮಾತ್ರ. ತೂಕ ಇಳಿದ ಕೂಡ್ಲೇ ಎದ್ದು ಮತ್ತೆ ಕೆಲಸ ಶುರು ಮಾಡಿದಾವೆ."

"ನಂದು?"

"ನಿಮಗೆ ಇಳಿಸಕ್ಕೆ ಕೊಬ್ಬೇ ಇರ್ಲಿಲ್ಲ. ನಿಮ್ಮ ಸೆಲ್‌ಗಳೇ ಇನ್ಸುಲಿನ್ ಮಾಡೋದು ತೀರಾ ಕಡಿಮೆ ಮಾಡಿದಾವೆ. ಈ ಟೆಸ್ಟಲ್ಲಿ ಕಾಣ್ತಿದೆ. ಬೇರೆ ತರದ ಸಕ್ಕರೆ ಕಾಯಿಲೆ ಇರಬಹುದಾ ಅಂತ ಇನ್ನೊಂದೂ ನೋಡಿದೆ. ಅದಲ್ಲ. ಇಬ್ಬರದೂ ಟೈಪ್ ಟೂನೇ. ಹೆಸರು ಒಂದೇ ಅಷ್ಟೆ."

"ಇವ್ರು ಓಡ್ತಾರೆ ಮೇಡಂ, ದಿನಾ ಎರಡು ಹೊತ್ತು," ಎಂದಳು ನನ್ನ ಹೆಂಡತಿ. ಈಗ ಅವಳ ದನಿ ನನ್ನ ಪರವಾಗಿತ್ತು.

"ಓಡೋದು ಒಳ್ಳೇದೇ. ಆದ್ರೆ ಇನ್ಸುಲಿನ್ ಸಾಲದೆ ಇರೋ ಮೈಯಲ್ಲಿ, ಊಟ ಬಿಟ್ಟು ಓಡಿದ್ರೆ ಮಾಂಸಖಂಡ ಕರಗುತ್ತೆ. ಇವರಿಗೆ ಆಗಿರೋದು ಅದೇ. ಮಾತ್ರೆ ಬೇರೆ, ಸುಸ್ತಾದ ಸೆಲ್‌ಗಳನ್ನ ಇನ್ನೂ ದುಡೀರಿ ದುಡೀರಿ ಅಂತ ಎಬ್ಬಿಸ್ತಿತ್ತು."

ನಾನು ಕೇಳಲೇಬೇಕಾದದ್ದನ್ನು ಕೇಳಿದೆ. "ನಾನು ಏನು ತಪ್ಪು ಮಾಡಿದ್ರಿಂದ ಹಿಂಗಾಯ್ತು?"

"ಏನೂ ಇಲ್ಲ. ಕಾಯಿಲೆ ಗೊತ್ತಾದ ದಿನ ಶುರುವಾಗಿದ್ದಲ್ಲ ಇದು. ಅದಕ್ಕೂ ವರ್ಷಗಟ್ಟಲೆ ಮುಂಚಿನಿಂದ ಸೆಲ್‌ಗಳು ಸೋಲ್ತಾ ಬಂದಿರ್ತವೆ, ನಮಗೆ ಗೊತ್ತಾಗಲ್ಲ. ಮನೇಲಿ ಯಾರಿಗಾದ್ರೂ ಇತ್ತಾ?"

"ಅಪ್ಪನಿಗಿತ್ತು. ಅವರೂ ಸಣಕಲು."

"ನೀವು ಹುಟ್ಟಿದಾಗ ತೂಕ ಹೇಗಿತ್ತಂತೆ? ಯಾರಾದ್ರೂ ಹೇಳಿದಾರಾ?"

ಯಾರೋ ಹೇಳುವುದೇನು, ಅದು ನಮ್ಮ ಮನೆಯ ಕತೆಯೇ ಆಗಿತ್ತು. ಶನಿವಾರಸಂತೆ ಕಡೆಯ ನಮ್ಮೂರಲ್ಲಿ ನಾನು ಏಳು ತಿಂಗಳಿಗೇ ಹುಟ್ಟಿದವನು. ಅವ್ವನಿಗೆ ಆ ವರ್ಷ ಹೊಟ್ಟೆಗೆ ಸರಿಯಾಗಿ ಇರಲಿಲ್ಲ. ಅಜ್ಜಿ ಹಳೆಯ ಸೀರೆ ಹಾಸಿದ ಮೊರದಲ್ಲಿ ನನ್ನನ್ನು ಮಲಗಿಸಿ ಒಲೆಯ ಹತ್ತಿರ ಇಟ್ಟು ಕಾಯ್ದಳಂತೆ. ನೋಡಲು ಬಂದವರು ಇಲಿಮರಿ ಎಂದು ಹೇಳಿ ಹೋದರಂತೆ. ಅದನ್ನು ಹೇಳಿದೆ.

"ಹೀಗೆ ಚಿಕ್ಕದಾಗಿ ಹುಟ್ಟಿದವರಲ್ಲಿ ಈ ಸೆಲ್‌ಗಳು ಮೊದಲೇ ಕಡಿಮೆ ಇರಬಹುದು ಅಂತಾರೆ," ಎಂದರು ಡಾಕ್ಟರಮ್ಮ. "ನಿಮ್ಮದು ಅದರಿಂದಲೇ ಆಯ್ತು ಅಂತ ಆಣೆ ಇಟ್ಟು ಹೇಳಕ್ಕಾಗಲ್ಲ. ತಂದೆ ಕಡೆಯಿಂದಲೂ ಬಂದಿರುತ್ತೆ. ಒಟ್ಟಿನಲ್ಲಿ ಕಡಿಮೆ ಬಂಡವಾಳದಲ್ಲಿ ಐವತ್ತು ವರ್ಷ ನಡೆಸಿದೀರಿ. ಈಗ ಹೊರಗಿನಿಂದ ಇನ್ಸುಲಿನ್ ಕೊಡಣ. ಇದು ಶಿಕ್ಷೆ ಅಲ್ಲ ಸರ್. ಇಲ್ಲದ್ದನ್ನ ಕೊಡೋದು, ಅಷ್ಟೇ."

ನನಗೆ ಸಮಾಧಾನವಾಗಬೇಕಾಗಿತ್ತು. ಕಳ್ಳನಲ್ಲ ಎಂದು ತೀರ್ಪು ಬಂದಿತ್ತಲ್ಲ. ಆದರೆ ಬಸ್ಸಿನಲ್ಲಿ ಕೂತಾಗ ಹೊಟ್ಟೆಕಿಚ್ಚು ಕಾಲದಲ್ಲಿ ಇನ್ನೂ ಹಿಂದಕ್ಕೆ ಹೋಯಿತು. ಅದುವರೆಗೆ ಅವಳ ರಿಪೋರ್ಟಿನ ಮೇಲೆ, ಅವಳ ರವಿಕೆಗಳ ಮೇಲೆ ಇದ್ದದ್ದು ಈಗ ಅವಳ ತೊಟ್ಟಿಲಿನ ಮೇಲೆ ಹೋಗಿ ಕೂತಿತು. ಅವಳು ಅನುಕೂಲಸ್ಥರ ಮನೆಯ ಮೊದಲ ಮಗು. ಹುಟ್ಟಿದ ಮೂರನೆಯ ದಿನ ಅವಳಪ್ಪ ಅವಳನ್ನು ಕಾಫಿ ತೂಗುವ ತಕ್ಕಡಿಯಲ್ಲಿಟ್ಟು ತೂಗಿ, ಮನೆಗೆ ಬಂದವರಿಗೆಲ್ಲ ತೂಕ ಹೇಳಿದರಂತೆ. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಹೇಳಿ ನಗಿಸುತ್ತಿದ್ದಳು. ನಾನು ಮೊರದಲ್ಲಿದ್ದೆ, ಅವಳು ತಕ್ಕಡಿಯಲ್ಲಿದ್ದಳು. ನಾವು ಹುಟ್ಟುವಾಗಲೇ ಅವಳಿಗೆ ಅಷ್ಟು, ನನಗೆ ಇಷ್ಟು ಎಂದು ಯಾರೋ ಅಳೆದು ಹಾಕಿಬಿಟ್ಟಿದ್ದರು. ಇನ್ನು ಯಾವ ಗ್ರೌಂಡ್ ಎಷ್ಟು ಸುತ್ತಿದರೆ ಏನು?

ಪಿರಿಯಾಪಟ್ಟಣ ದಾಟಿದ ಮೇಲೆ ಅವಳು ಮೆಲ್ಲಗೆ, "ತಪ್ಪು ತಿಳ್ಕೊಂಡೆ" ಎಂದಳು.

"ಹೋಗ್ಲಿ ಬಿಡು."

"ಆ ಚಹದಂಗಡಿಯವನಿಗೂ ಹೇಳ್ತೀನಿ."

"ಅವನಿಗೇನೂ ಹೇಳೋದು ಬೇಡ ಮಾರಾಯ್ತಿ."

ಮೊದಲ ಇಂಜೆಕ್ಷನ್ ನಾನೇ ಹಾಕಿಕೊಂಡೆ. ಅದು ಪೆನ್ನಿನ ಹಾಗಿರುತ್ತದೆ, ಸೂಜಿ ಕೂದಲಿನಷ್ಟು ಸಣ್ಣದು. ಹೊಟ್ಟೆಯ ಚರ್ಮ ಎತ್ತಿ ಹಿಡಿದು ಚುಚ್ಚಬೇಕೆಂದು ನರ್ಸ್ ಹೇಳಿಕೊಟ್ಟಿದ್ದರು. ನನ್ನ ಹೊಟ್ಟೆಯಲ್ಲಿ ಎತ್ತಿ ಹಿಡಿಯಲು ಏನೂ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ನನ್ನ ಹತ್ರ ಇದ್ದಾಗ ಒಂದಿಷ್ಟು ಕೊಡ್ಬೇಕಾಗಿತ್ತು ನೋಡಿ" ಎಂದಳು. ಇಬ್ಬರೂ ನಕ್ಕೆವು. ಆ ವರ್ಷದಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೇ ಮೊದಲಿರಬೇಕು. ನಗುವಾಗಲೂ ಅವಳ ಬಿಳಿ ಹಲ್ಲು, ತುಂಬಿದ ಕೆನ್ನೆ ನೋಡಿ, ನಿನಗಿದು ಬೇಡವಲ್ಲ, ನೀನು ಬಾಗಿಲಲ್ಲಿ ನಿಂತು ನಗಬಹುದು ಎಂದು ಮನಸ್ಸು ಒಳಗೇ ಹೇಳಿತು.

ಇನ್ಸುಲಿನ್ ನನ್ನ ಮೈಗೆ ಹಿಡಿಯಿತು. ಕೆಲವು ವಾರಗಳಲ್ಲಿ ಬಾಯಿ ಒಣಗುವುದು ನಿಂತಿತು. ಅಂಗಿಯ ಭುಜ ಮತ್ತೆ ಭುಜದ ಮೇಲೇ ಕೂರತೊಡಗಿತು. ಊಟಕ್ಕೆ ಮತ್ತೆ ಅನ್ನ ಬಂತು, ಅವಳಿಗಿಂತ ಹೆಚ್ಚೇ. ಡಾಕ್ಟರಮ್ಮ ಹಾಗೆಯೇ ಹೇಳಿದ್ದರು. ಅವಳು ತನ್ನ ಪಾಲಿನ ಒಂದು ಹಿಡಿ ಉಂಡು ನನ್ನ ತಟ್ಟೆಯನ್ನು ನೋಡುವುದನ್ನು ನಾನು ಒಂದೆರಡು ಸಲ ಗಮನಿಸಿದೆ. ಅದು ನನಗೆ ಸ್ವಲ್ಪ ಸುಖ ಕೊಟ್ಟಿತು ಎಂದು ಬರೆಯಲು ನಾಚಿಕೆಯೇನಿಲ್ಲ.

ಮಳೆ ಬಿಟ್ಟ ಮೇಲೆ ಅವಳ ಸಂಘದವರು ಸಮುದಾಯ ಭವನದಲ್ಲಿ ಒಂದು ಸಭೆ ಮಾಡಿದರು. ಸಕ್ಕರೆ ಕಾಯಿಲೆ ಗೆದ್ದ ಬಗ್ಗೆ ಅವಳು ಮಾತಾಡಬೇಕೆಂದು ಒತ್ತಾಯ. ಮೂರು ದಿನದಿಂದ ಅವಳು ಹೊಲಿಯುತ್ತ ಹೊಲಿಯುತ್ತ ಏನೋ ಗೊಣಗಿಕೊಳ್ಳುತ್ತಿದ್ದಳು. ಸಭೆ ಮುಗಿಯುವ ಹೊತ್ತಿಗೆ ಕರೆದುಕೊಂಡು ಬರಲು ಬೈಕಿನಲ್ಲಿ ಹೋದೆ. ಸಭೆ ಮುಗಿದಿರಲಿಲ್ಲ. ಕಿಟಕಿಯ ಹೊರಗೆ ಚಪ್ಪಲಿಗಳ ಪಕ್ಕ ನಿಂತೆ. ಒಳಗೆ ಮೈಕಿನಲ್ಲಿ ಅವಳ ದನಿ.

"ಎಲ್ಲರೂ ನನ್ನ ಹೊಗಳ್ತೀರ. ನಾನೂ ಮೊದ್ಲು ಹಂಗೇ ಅಂದ್ಕೊಂಡಿದ್ದೆ, ನಾನು ಬಾಯಿ ಕಟ್ಟಿದೆ, ಅದಕ್ಕೇ ಇಳೀತು ಅಂತ. ನಮ್ಮನೆಯವ್ರು ನನಗಿಂತ ಜಾಸ್ತಿ ಬಾಯಿ ಕಟ್ಟಿದ್ರು. ಅವ್ರದ್ದು ಇಳೀಲಿಲ್ಲ. ಅವ್ರು ಕದ್ದು ತಿಂತಾರೆ ಅಂತ ನಾನು ಅಂಗಡಿಗೆ ಹೋಗಿ ವಿಚಾರಿಸ್ದೆ. ಆಮೇಲೆ ಗೊತ್ತಾಯ್ತು, ನನ್ನೊಳಗೆ ಇನ್ಸುಲಿನ್ ಮಾಡೋ ಸೆಲ್‌ಗಳಿಗೆ ಇನ್ನೂ ಜೀವ ಇತ್ತು, ಅವ್ರದ್ದು ಸೋತಿದ್ವು. ಅದು ನಾನು ಸಂಪಾದನೆ ಮಾಡಿದ್ದಲ್ಲ. ಅದಕ್ಕೇ ಹೇಳ್ತೀನಿ, ನಿಮ್ಮನೇಲಿ ಯಾರಿಗಾದ್ರೂ ಶುಗರ್ ಇಳೀದೆ ಇದ್ರೆ, ಬೈಯಕ್ಕೆ ಹೋಗ್ಬೇಡಿ. ಮೊದ್ಲು ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ."

ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಹೊರಗೆ ನಿಂತು ಕೇಳಿಸಿಕೊಂಡೆ. ಮನಸ್ಸು ಕರಗಿತು, ನಿಜ. ಆದರೆ ಮರುಗಳಿಗೆಯೇ ಹೊಳೆದದ್ದು ಬೇರೆ. ಸಕ್ಕರೆ ಇಳಿದದ್ದೂ ಅವಳದೇ, ಈಗ ದೊಡ್ಡ ಮನಸ್ಸಿನ ಹೆಸರೂ ಅವಳದೇ. ಚಪ್ಪಾಳೆ ಎರಡು ಪಟ್ಟಾಗಿತ್ತು. ಸೋತವನು ದೊಡ್ಡ ಮನಸ್ಸು ತೋರಿಸಿದರೆ ಯಾರು ಕೇಳುತ್ತಾರೆ?

ಬೈಕು ಹತ್ತುವಾಗ ಅವಳು, "ಕೇಳಿಸ್ಕೊಂಡ್ರಾ?" ಎಂದಳು.

"ಕೇಳಿಸ್ಕೊಂಡೆ. ಚೆನ್ನಾಗಿತ್ತು."

"ಮತ್ತೆ ಮುಖ ಯಾಕೆ ಹಂಗಿದೆ?"

"ನನ್ನ ಕೇಳ್ದೆ ನನ್ನ ಸುದ್ದಿ ಊರಿಗೆಲ್ಲ ಹೇಳಿದ್ಯಲ್ಲ."

ಅವಳು ಹಿಂದೆ ಕೂತು ನನ್ನ ಭುಜ ಹಿಡಿದು, "ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಲ್ವಾ?" ಎಂದಳು. ಆ ಮಾತನ್ನು ಅಷ್ಟು ದಿನದಲ್ಲಿ ಇಬ್ಬರೂ ಎತ್ತಿರಲಿಲ್ಲ.

"ಹೌದು" ಎಂದೆ.

"ನಾನಾಗಿದ್ರೂ ಪಡ್ತಿದ್ದೆ" ಎಂದಳು. "ನಡೀರಿ, ಆನೆ ಬರೋ ಹೊತ್ತಾಯ್ತು."

ಇದಾಗಿ ಮೂರು ವರ್ಷವಾಯಿತು. ನಾನು ಇನ್ನೂ ಶಾಲೆಯಲ್ಲಿದ್ದೇನೆ, ವಿಸಿಲ್ ಊದುತ್ತೇನೆ, ಓಡುತ್ತೇನೆ. ಓಡುವ ಮುಂಚೆ ಏನಾದರೂ ತಿನ್ನುತ್ತೇನೆ, ಸಕ್ಕರೆ ತೀರಾ ಇಳಿದರೆ ಎಂದು ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳುತ್ತೇನೆ. ಈಗ ಅವಳೇ ಅದನ್ನು ಜೇಬಿಗೆ ಹಾಕಿ ಕಳಿಸುತ್ತಾಳೆ.

ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಅವಳು ಶ್ರೀಮಂಗಲದಲ್ಲಿ ಕೆಲವು ತಿಂಗಳು ಉಳಿದಳು. ನಡಿಗೆ ನಿಂತಿತು, ಮಗಳ ಜೊತೆ ಹೊತ್ತುಹೊತ್ತಿಗೆ ತಿಂದಳು. ತಿರುಗಿ ಬಂದು ಪರೀಕ್ಷೆ ಮಾಡಿಸಿದರೆ ಸಕ್ಕರೆ ಮೇಲೆ ಬಂದಿತ್ತು. ಸಿದ್ದಾಪುರದ ಡಾಕ್ಟರು, "ಎದ್ದು ಕೂತ ಸೆಲ್‌ಗಳಿಗೂ ವಯಸ್ಸಾಗುತ್ತಮ್ಮ, ಹುಷಾರಾಗಿರ್ಬೇಕು" ಎಂದರು. ಈಗ ಅವರೂ ಸೆಲ್‌ಗಳ ಮಾತಾಡುತ್ತಾರೆ. ಮೆಟ್ಟಿಲು ಇಳಿಯುವಾಗ ನನ್ನೊಳಗೆ ಸಂತೋಷ ಬರುತ್ತದೆಂದು ಕಾದೆ. ಬಂತು. ಅವಳು ಮೆಟ್ಟಿಲ ಮೇಲೆ ನಿಂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಹೆದರಿದಾಗ ಮಾತ್ರ ಅವಳು ಹಾಗೆ ಮಾಡುವುದು. "ನಂಗೂ ಸೂಜಿ ಬರುತ್ತೇನ್ರೀ?" ಎಂದಳು.

"ಇನ್ನೂ ಇಲ್ಲ. ನಾಳೆಯಿಂದ ನಡಿ, ಇಳಿಯುತ್ತೆ" ಎಂದೆ. ಕೋಚಿನ ದನಿಯಲ್ಲಿ ಹೇಳಲು ನೋಡಿದೆ, ಸರಿಯಾಗಿ ಬರಲಿಲ್ಲ.

ಮಾರನೆಯ ಬೆಳಿಗ್ಗೆಯೇ ನಡೆಯಲು ಹೊರಟಳು. ಈ ಸಲ ಅವಳು ಮುಂದೆ, ನಾನು ಹಿಂದೆ. ಚಳಿಗಾಲ ಕಳೆದು ಕಾಫಿ ಹೂ ಉದುರುವ ಹೊತ್ತಿಗೆ ಅವಳದು ಮತ್ತೆ ನೂರರ ಒಳಗೆ ಬಂದಿತ್ತು. ಚೀಟಿಯನ್ನು ನನ್ನ ಕೈಗೆ ಕೊಟ್ಟು ಮಕ್ಕಳ ಹಾಗೆ ನೋಡುತ್ತ ನಿಂತಳು. "ಶಭಾಷ್" ಎಂದೆ. ಒಳಗೆ ಮತ್ತೆ ಉರಿಯಿತು.